ಸಹಾಯ ಬೇಕು: ಲೈನ್ ಮನೆ ಹುಡುಗೀರಿಗೆ ಮುಟ್ಟಿನ ಬಗ್ಗೆ ವರ್ಕ್‌ಶಾಪ್

ಎಲ್ರಿಗೂ ನಮಸ್ಕಾರ, ನಾನು ವಿರಾಜಪೇಟೆ ಕಡೆಯವಳು, ಪಕ್ಕದ ಕಾಫಿ ಎಸ್ಟೇಟಿನ ಲೈನ್ ಮನೆ (ಕೆಲಸಗಾರರ ಸಾಲು ಮನೆ) ಹುಡುಗೀರಿಗೆ ಭಾನುವಾರ ಪಾಠ ಹೇಳ್ಕೊಡ್ತೀನಿ. ಮೊನ್ನೆ ಮಳೇಲಿ ಒಬ್ಳ ಮನೆಗೆ ಹೋದಾಗ ನೋಡಿದೆ, ಮುಟ್ಟಿನ ಬಟ್ಟೆನ ಒಲೆ ಹಿಂದೆ ಗೋಣಿಚೀಲದ ಅಡೀಲಿ ಬಚ್ಚಿಟ್ಟು ಒಣಗಿಸ್ತಿದ್ಲು, ಅಣ್ಣ ನೋಡ್ಬಿಟ್ರೆ ಅಂತ ಭಯ, ಕೈಲಿ ಹಿಡಿದ್ರೆ ಇನ್ನೂ ಒದ್ದೆ. ತುಂಬಾ ಸಂಕಟ ಆಯ್ತು. ಬಿಸಿಲಲ್ಲಿ ಒಣಗ್ಸಿ ಅಂತೀವಿ, ಮಳೆಗಾಲದಲ್ಲಿ ನಮ್ಮಲ್ಲಿ ವಾರಗಟ್ಲೆ ಬಿಸಿಲೇ ಬರಲ್ಲ ಅಲ್ವಾ.

ಸರ್ಕಾರದ ಶುಚಿ ಯೋಜನೇಲಿ ಹದಿಹರೆಯದ ಹುಡುಗೀರಿಗೆ ಫ್ರೀ ಪ್ಯಾಡ್ ಇದೆ, ನಾನು ಕೇಳಿದ ಶಾಲೆ ಬಿಟ್ಟ ಹುಡುಗೀರಿಗೆ ಅದು ಗೊತ್ತೇ ಇರ್ಲಿಲ್ಲ.

ವರ್ಕ್‌ಶಾಪಲ್ಲಿ ಭಾಷಣ ಬೇಡ ಅನ್ಸುತ್ತೆ ನಂಗೆ. ತಿಂಗಳ ಚಕ್ರದ ದಿನಕ್ಕೊಂದರಂತೆ 28 ಮಣಿ ಪೋಣಿಸಿ, ಅದ್ರಲ್ಲಿ ಮುಟ್ಟಿನ ದಿನಕ್ಕೆ 5 ಕೆಂಪು ಹಾಕಿ ಬಳೆ ಮಾಡಿಸ್ಬೇಕು, ಮಾಡ್ತಾ ಮಾಡ್ತಾ ಮಾತಾಡ್ಬೇಕು, ಎಲ್ರಿಗೂ ಸರಿಯಾಗಿ 28 ದಿನಕ್ಕೇ ಆಗಲ್ಲ, ಮೊದಲ ಒಂದೆರಡು ವರ್ಷ ಹೆಚ್ಚುಕಮ್ಮಿ ಆಗೋದು ಸಹಜ ಅಂತ. ಅಮ್ಮಂದಿರೂ ಜೊತೇಲಿ ಕೂರ್ಬೇಕು, ಉಪ್ಪಿನಕಾಯಿ ಮುಟ್ಬೇಡ, ದೇವ್ರ ಹತ್ರ ಹೋಗ್ಬೇಡ ಅನ್ನೋರು ಅವ್ರೇ, ಅವ್ರಿಗೂ ಯಾರೂ ಹೇಳ್ಕೊಟ್ಟಿಲ್ಲ ಪಾಪ.

ಎರವ ಭಾಷೆ (ಇಲ್ಲಿನ ಎರವ ಬುಡಕಟ್ಟಿನವ್ರ ಮಾತು) ಬರೋ ಅಕ್ಕಂದಿರು ಯಾರಾದ್ರೂ ಇದ್ದೀರಾ? ಇದೇ ಮುಖ್ಯ. ಒಂದು ಗಂಟೆ ಬರೋ ಲೇಡಿ ಡಾಕ್ಟರ್, ಬಟ್ಟೆ ಪ್ಯಾಡ್ ಹೊಲಿಯೋಕೆ ಮಿಷನ್, ಹತ್ತಿ ಬಟ್ಟೆ ಕೂಡ ಬೇಕು. ದಯವಿಟ್ಟು ಮೆಸೇಜ್ ಮಾಡಿ.