ಪದಚರ್ಚೆ: 'ಶುದ್ಧೀಕರಿಸಿದ' ನೀರೋ, 'ಸಂಸ್ಕರಿಸಿದ' ನೀರೋ? ಹಾಗೇ, ಸ್ಲಡ್ಜ್‌ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕೊಳಚೆ ನೀರಿನ ಘಟಕ ನೋಡಲು ಬರುವ ಹೈಸ್ಕೂಲ್ ಮಕ್ಕಳಿಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಕೈ ನಿಂತಿದೆ.

ಪತ್ರಿಕೆಗಳಲ್ಲಿ 'ಶುದ್ಧೀಕರಣ ಘಟಕ', 'ಸಂಸ್ಕರಣಾ ಘಟಕ' ಎರಡೂ ಓಡಾಡುತ್ತವೆ, ಕೆಲವು ಸಲ ಒಂದೇ ಸುದ್ದಿಯಲ್ಲಿ. ನನಗೆ ಮೊದಲನೆಯದು ಸುಳ್ಳು ಹೇಳುತ್ತದೆ ಅನ್ನಿಸುತ್ತದೆ. ಹಳ್ಳಿಯಲ್ಲಿ ಬಿಂದಿಗೆ ಹಿಡಿದು ಹೋಗುವ ಜಾಗಕ್ಕೂ 'ಶುದ್ಧ ಕುಡಿಯುವ ನೀರಿನ ಘಟಕ' ಅಂತಲೇ ಬೋರ್ಡು ಅಲ್ವಾ?

ಕೋಲಾರದ ಜಗಳವನ್ನೇ ನೋಡಿ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ (ಕೆ.ಸಿ. ವ್ಯಾಲಿ) ಘಟಕಗಳಿಂದ ಹೊರಬಂದ ಕೊಳಚೆ ನೀರು 2018ರ ಜೂನ್‌ನಲ್ಲಿ ಅಲ್ಲಿನ ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 44 ಕೋಟಿ ಲೀಟರ್ ಕಳಿಸುವ ಯೋಜನೆ. ಆ ನೀರಿಗೆ ಆಗುವುದು ಎರಡು ಹಂತದ ಕೆಲಸ ಮಾತ್ರ. ಕೊಳೆಯುವ ವಸ್ತು ಬಹುಪಾಲು ಹೋಗುತ್ತದೆ. ಸಾರಜನಕ, ರಂಜಕ ಸಾಕಷ್ಟು ಉಳಿಯುತ್ತವೆ. ಅಂಥ ನೀರು ನಿಂತ ಕೆರೆಯಲ್ಲಿ ಅಂತರಗಂಗೆ ಕಳೆ ಹಬ್ಬುವುದು ಅದಕ್ಕೇ. 'ಮೂರನೇ ಹಂತದ ಶುದ್ಧೀಕರಣ ಮಾಡಿ' ಎಂದು ರೈತರು ಕೇಳುತ್ತಲೇ ಇದ್ದಾರೆ. ಎರಡಕ್ಕೇ ಶುದ್ಧವಾಗಿದ್ದರೆ ಮೂರನೆಯದು ಯಾಕೆ? ಸುಮ್ನೆ 'ಕೆ.ಸಿ. ವ್ಯಾಲಿ ನೀರು' ಅನ್ನುವ ಜನರೇ ಜಾಣರು.

ನದಿಯ ಲೆಕ್ಕವೂ ಹಾಗೇ. ನೀರಿನಲ್ಲಿರುವ ಕೊಳೆ ತಿನ್ನಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆಯೇ ಬಿಒಡಿ; ಕೊಳೆ ಹೆಚ್ಚಿದಷ್ಟೂ ಅದು ಹೆಚ್ಚು. ಸ್ನಾನಕ್ಕೆ ಆಗಬೇಕಾದರೆ ಹೊಳೆ ನೀರಿನ ಬಿಒಡಿ ಲೀಟರಿಗೆ 3 ಮಿಲಿಗ್ರಾಂ ದಾಟಬಾರದು. ಘಟಕದಿಂದ ಬಿಒಡಿ 10 ಇರುವ ನೀರು ಹೊರಬಂದರೆ ಅದು ಒಳ್ಳೆ ಕೆಲಸವೇ. ಆದರೆ ಬೆರೆಯಲು ಹೊಳೆಯಲ್ಲಿ ಒಳ್ಳೆ ನೀರು ಇರಬೇಕಲ್ಲ. ಬಸವನಗುಡಿಯ ನಂದಿಯ ಕಾಲಬುಡದಲ್ಲಿ ಹುಟ್ಟಿತು ಅನ್ನುವ ವೃಷಭಾವತಿಯಲ್ಲಿ ಬೇಸಿಗೆಯಲ್ಲಿ ಹರಿಯುವುದು ಹೆಚ್ಚುಕಮ್ಮಿ ಊರು ಬಳಸಿ ಬಿಟ್ಟ ನೀರೇ. ಅರ್ಕಾವತಿಗೆ ಸೇರುವುದೂ ಅದೇ. (ಬಿಒಡಿಯನ್ನು 'ಜೈವಿಕ ಆಮ್ಲಜನಕ ಬೇಡಿಕೆ' ಅಂದರೆ, ಬೇಡಿಕೆ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳುತ್ತಾರೆ ಮಕ್ಕಳು. ಹಾಗಾಗಿ ಬಿಒಡಿ ಅಂತಲೇ ಬಿಟ್ಟಿದ್ದೇನೆ.)

ಆದ್ದರಿಂದ ನನ್ನ ಓಟು 'ಸಂಸ್ಕರಿಸಿದ'ಕ್ಕೆ. ಕಾಫಿಯನ್ನೂ ಸಂಸ್ಕರಿಸುತ್ತೇವೆ. ಏನೋ ಕೆಲಸ ನಡೆದಿದೆ ಅಂತ ಹೇಳುತ್ತದೆ, ಕುಡಿಯಿರಿ ಅನ್ನುವುದಿಲ್ಲ.

ಎರಡನೆಯದು 'ಸ್ಲಡ್ಜ್', ಅಂದರೆ ಘಟಕದಲ್ಲಿ ನೀರಿನಿಂದ ಬೇರೆಯಾಗಿ ತಳದಲ್ಲಿ ಕೂರುವ ಮಂದ ವಸ್ತು. ಪುಸ್ತಕಗಳಲ್ಲಿ 'ಕೆಸರು'. ಕೆಸರು ಅಂದರೆ ನನಗೆ ಗದ್ದೆ ನೆನಪಾಗುತ್ತದೆ. ಮೊನ್ನೆ ಒಂದು ಘಟಕಕ್ಕೆ ಹೋಗಿದ್ದೆ. ಗಾಳಿ ಊದುವ ತೊಟ್ಟಿಯಿಂದ ಅಲ್ಲಿನ ಹುಡುಗ ಒಂದು ಲೀಟರಿನ ಗಾಜಿನ ಜಾಡಿಯಲ್ಲಿ ಕಂದು ನೀರು ತುಂಬಿ ಮೇಜಿನ ಮೇಲಿಟ್ಟ. ಅರ್ಧ ಗಂಟೆ ಮುಟ್ಟಬಾರದಂತೆ. ನೋಡನೋಡುತ್ತಾ ಚೂರುಗಳು ಒಂದಕ್ಕೊಂದು ಅಂಟಿ ಕೆಳಗಿಳಿದವು, ಮೇಲೆ ತಿಳಿ ನಿಂತಿತು. ನಮ್ಮಜ್ಜಿ ತುಪ್ಪ ಕಾಯಿಸಿ ಇಳಿಸಿದಾಗ ತಳದಲ್ಲಿ ಕೂರುತ್ತಿದ್ದ ಗಸಿ ಥಟ್ಟನೆ ನೆನಪಾಯಿತು. ನೀರಿಗೆ ತಿಳಿ, ತಳಕ್ಕೆ ಗಸಿ. ಜೋಡಿ ಚೆನ್ನಾಗಿಲ್ವಾ?

ಆದರೆ ಈ ಗಸಿ ಬರೀ ಚರಟವಲ್ಲ. ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಇರುವುದು ಅದರಲ್ಲೇ. ಅದಕ್ಕೇ ಒಂದು ಪಾಲನ್ನು ಮತ್ತೆ ತೊಟ್ಟಿಗೆ ಬಿಡುತ್ತಾರೆ. 1914ರಲ್ಲಿ ಮ್ಯಾಂಚೆಸ್ಟರ್‌ನವರು ತೋರಿಸಿಕೊಟ್ಟ ಉಪಾಯ. ನಮ್ಮ ಅಡುಗೆಮನೆಯಲ್ಲಿ ನಿನ್ನೆಯ ಮೊಸರನ್ನು ಇವತ್ತಿನ ಹಾಲಿಗೆ ಹಾಕಿದ ಹಾಗೆ. ಹೀಗೆ ವಾಪಸ್ ಹೋಗುವುದಕ್ಕೆ 'ಹೆಪ್ಪುಗಸಿ', ಹೊರಗೆ ಹಾಕುವುದಕ್ಕೆ 'ಮಿಕ್ಕಗಸಿ' ಅಂತ ಬರೆದು ನೋಡಿದೆ. ಆ ಹುಡುಗನಿಗೆ ಮೊದಲನೆಯದು ಕೂಡಲೇ ಅರ್ಥವಾಯಿತು. ಎರಡನೆಯದಕ್ಕೆ ನಕ್ಕ.

ಮಂಗಳೂರು ಕಡೆಯವರಿಗೆ ಗಸಿ ಅಂದರೆ ಊಟದ ಪದಾರ್ಥ, ಗೊತ್ತು. ಅವರು ಇದನ್ನು ಒಪ್ಪುತ್ತೀರಾ? ಧಾರವಾಡ, ಕಲಬುರಗಿ ಕಡೆ ತಳದಲ್ಲಿ ಕೂತದ್ದಕ್ಕೆ ಏನಂತೀರಿ? ಮಿಕ್ಕಗಸಿಗಿಂತ ಬಾಯಿಗೆ ಹಗುರಾದ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ಬರೆಯಿರಿ.