ವಿಡಿಯೋ ಡಾಕ್ಟರು ಬರೆದ ಮಾತ್ರೆ ಕೇಂದ್ರದಲ್ಲಿ ಸಿಗಬೇಕು: ಶನಿವಾರ ಸೇರೋಣ (ಶಿರಸಿ, ನಮ್ಮ ಬಡಾವಣೆ ಗುಂಪು)

ಮೇಲಿನ ರಸ್ತೆ, ಕೊನೆ ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಆರೋಗ್ಯ ಮಂದಿರದಲ್ಲಿ (ಊರಿನ ಸರ್ಕಾರಿ ಆರೋಗ್ಯ ಕೇಂದ್ರ) ಇ-ಸಂಜೀವನಿ, ಅಂದರೆ ದೂರದ ಡಾಕ್ಟರಿಗೆ ವಿಡಿಯೋದಲ್ಲಿ ತೋರಿಸುವ ಸರ್ಕಾರಿ ಸೇವೆ, ಚೆನ್ನಾಗಿಯೇ ನಡೆಯುತ್ತಿದೆ. ನಿನ್ನೆ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ. ಆ ಕಡೆಯಿಂದ ಡಾಕ್ಟರು "ಕಾಲು ತೋರಿಸಿ" ಅಂದರು. ಕೇಂದ್ರದ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಮೇಡಂ ಟ್ಯಾಬ್ ಕೆಳಗೆ ಹಿಡಿದು, ಪಾದದ ಗಂಟಿನ ಮೇಲೆ ಹೆಬ್ಬೆರಳಿಂದ ಒತ್ತಿ ಬಿಟ್ಟರು. ಕುಳಿ ಹಾಗೇ ಉಳಿಯಿತು. ಅತ್ತೆ ತಗೊಳ್ಳುತ್ತಿದ್ದ ಪ್ರೆಶರ್ ಮಾತ್ರೆ ಆಮ್ಲೋಡಿಪಿನ್, ಅದರಿಂದ ಕೆಲವರಿಗೆ ಹೀಗೆ ಕಾಲು ಊದುತ್ತದಂತೆ. ಡಾಕ್ಟರು ಇನ್ನಷ್ಟು ವಿಚಾರಿಸಿ ಮಾತ್ರೆ ಬದಲಿಸಿದರು.

ತೊಂದರೆ ಆಮೇಲೆ ಶುರುವಾಯಿತು. ಚೀಟಿಯಲ್ಲಿ ಇದ್ದದ್ದು ಎರಡು ಔಷಧ ಸೇರಿದ ಒಂದೇ ಮಾತ್ರೆ. ಕೇಂದ್ರದಲ್ಲಿ ಅದಿಲ್ಲ. ಆದರೆ ಆ ಎರಡೂ ಔಷಧ ಬೇರೆ ಬೇರೆ ಮಾತ್ರೆಯಾಗಿ ಅಲ್ಲೇ ಕಪಾಟಿನಲ್ಲಿವೆ! ಡಾಕ್ಟರು ಹೇಳದೆ ಬದಲಿಸಿ ಕೊಡುವ ಹಾಗಿಲ್ಲ, ಅಷ್ಟರಲ್ಲಿ ಕರೆ ಮುಗಿದಿತ್ತು. ಕೊನೆಗೆ ಪೇಟೆಗೆ ಹೋಗಿ ದುಡ್ಡು ಕೊಟ್ಟು ತಂದೆವು. ನಿಮ್ಮಲ್ಲಿ ಯಾರಿಗೆಲ್ಲ ಹೀಗಾಗಿದೆ?

ಬಾವಿ ಹತ್ತಿರದ ಮನೆ:
ಅಕ್ಕಾ, ನಮ್ಮ ಅಪ್ಪಯ್ಯನಿಗೂ ಇದೇ ಕಥೆ. ಅವರು ಪೇಟೆಗೆ ಹೋಗಲಾರದೆ ಹದಿನೈದು ದಿನ ಮಾತ್ರೆಯನ್ನೇ ಬಿಟ್ಟಿದ್ದರು. ನಮಗೆ ಗೊತ್ತೇ ಆಗಲಿಲ್ಲ.

ಕೆಳಗಿನ ರಸ್ತೆ:
ನಾವೇ ಸಂಘದ ಕೋಣೆಯಲ್ಲಿ ಒಂದು ಕಪಾಟು ಇಟ್ಟರೆ ಹೇಗೆ? ತಿಂಗಳಿಗೊಮ್ಮೆ ನಾನು ಬೈಕಿನಲ್ಲಿ ಎಲ್ಲರ ಮಾತ್ರೆ ತರುತ್ತೇನೆ. ಬೇಕಾದವರು ಬಂದು ತಗೊಳ್ಳಲಿ.

ನಿವೃತ್ತ ಫಾರ್ಮಸಿಸ್ಟ್:
ತಮ್ಮಾ, ನಿನ್ನ ಮನಸ್ಸು ದೊಡ್ಡದು, ಆದರೆ ಅದು ಬೇಡ. 1948ರ ಫಾರ್ಮಸಿ ಕಾಯ್ದೆ ಪ್ರಕಾರ ಡಾಕ್ಟರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟೇ ಕೊಡಬೇಕು. ಇನ್ಸುಲಿನ್ ದಾಸ್ತಾನನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ನಮ್ಮ ಮಳೆಗಾಲದ ಕರೆಂಟನ್ನು ನಂಬಿ ಕಪಾಟು ಮಾಡಲಾದೀತೇ? ಆದರೆ ಒಬ್ಬರ ಚೀಟಿ ಒಯ್ದು ಅವರ ಮಾತ್ರೆಯನ್ನು ಅವರ ಕೈಗೇ ತಂದುಕೊಡು. ಅದು ದೊಡ್ಡ ಉಪಕಾರ.

ದೇವಸ್ಥಾನದ ಹಿಂದಿನ ಮನೆ:
ಇಷ್ಟೆಲ್ಲ ಯಾಕೆ? ಈ ವಿಡಿಯೋ ಬಿಟ್ಟು ಸೀದಾ ಹುಬ್ಬಳ್ಳಿಗೆ ಹೋಗುವುದೇ ವಾಸಿ ಅಲ್ವಾ?

ಮೇಲಿನ ರಸ್ತೆ, ಕೊನೆ ಮನೆ:
ಭಾವಾ, ನಿಮ್ಮಲ್ಲಿ ಕಾರಿದೆ. ಹುಬ್ಬಳ್ಳಿ ಅಂದರೆ ನೂರು ಕಿಲೋಮೀಟರು. ಒಬ್ಬರ ಕೂಲಿ ಹೋಗುತ್ತದೆ, ಜೊತೆಗೆ ಹೋದವರದ್ದೂ ಹೋಗುತ್ತದೆ. ಬಿಪಿ, ಶುಗರ್ ಮಾತ್ರೆ ಮುಂದುವರಿಸಲು ಅಷ್ಟು ದೂರ ಯಾಕೆ ಹೋಗಬೇಕು? ಎದೆನೋವು, ಏದುಸಿರು ಬಂದರೆ ಮಾತ್ರ ವಿಡಿಯೋಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಅಕ್ಕೋರು (ಶಾಲೆ ಎದುರು):
ಹಾಗಾದರೆ ಆರೋಗ್ಯ ಇಲಾಖೆಗೆ ಎಲ್ಲರೂ ಸಹಿ ಹಾಕಿ ಒಂದು ಪತ್ರ ಕೊಡೋಣ. ಅದರಲ್ಲಿ ಏನು ಕೇಳಬೇಕು ಅಂತ ಗಟ್ಟಿ ಮಾಡಿಕೊಳ್ಳೋಣ. ಸುಮ್ನೆ "ಔಷಧ ಕೊಡಿ" ಅಂದರೆ "ಆಯ್ತು" ಅಂದು ಕಳಿಸುತ್ತಾರೆ.

ನಿವೃತ್ತ ಫಾರ್ಮಸಿಸ್ಟ್:
ಮುಖ್ಯವಾದದ್ದು ಒಂದೇ. ಚೀಟಿ ಬರೆಯುವ ಮೊದಲೇ ಇಲ್ಲಿ ಏನೇನಿದೆ ಅಂತ ಡಾಕ್ಟರಿಗೆ ಗೊತ್ತಿರಬೇಕು. ಸಿಎಚ್‌ಒ ಅವತ್ತಿನ ದಾಸ್ತಾನು ಪಟ್ಟಿ ಮುಂದಿಟ್ಟುಕೊಂಡು ಹೇಳಿದರೆ ಸಾಕು. ಆಗ ಡಾಕ್ಟರು ಜನರಿಕ್ ಹೆಸರಲ್ಲಿ (ಕಂಪನಿಯ ಹೆಸರಲ್ಲ, ಔಷಧದ್ದೇ ಹೆಸರು), ಇರುವ ಮಾತ್ರೆಯನ್ನೇ ಬರೆಯಬಹುದು. ಕರೆ ಮುಗಿಸುವ ಮೊದಲು ಚೀಟಿಗೂ ಕಪಾಟಿಗೂ ತಾಳೆ ನೋಡಲಿ. ಇದಕ್ಕೆ ಹೊಸ ದುಡ್ಡೇನೂ ಬೇಡ. ಖಾಲಿಯಾದ ಔಷಧದ್ದು ಎರಡನೇ ಮಾತು. ಆರೋಗ್ಯ ಮಂದಿರಕ್ಕೆ ಜನ ಆರೋಗ್ಯ ಸಮಿತಿ ಅಂತ ಇರುತ್ತದೆ, ಅಲ್ಲಿ ಎತ್ತೋಣ.

ಬಾವಿ ಹತ್ತಿರದ ಮನೆ:
ಸಿಎಚ್‌ಒ ಮೇಡಂ ಮೇಲೆ ದೂರು ಅನ್ನಿಸಬಾರದು. ಪಾಪ, ಒಬ್ಬರೇ ಎಷ್ಟು ಮಾಡುತ್ತಾರೆ.

ಅಕ್ಕೋರು (ಶಾಲೆ ಎದುರು):
ಖಂಡಿತ. ಅವರು ಒಳ್ಳೆಯದಾಗಿ ನೋಡಿಕೊಳ್ಳುತ್ತಾರೆ ಅಂತಲೇ ಮೊದಲ ಸಾಲು ಬರೆಯುತ್ತೇನೆ. ಪತ್ರ ತಾಲೂಕು ಆರೋಗ್ಯಾಧಿಕಾರಿಗೆ, ಪ್ರತಿ ಕಾರವಾರದ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಕಚೇರಿಗೆ. ಮಾತ್ರೆ ಸಿಗದವರು ತಾರೀಕು, ಔಷಧದ ಹೆಸರು ನನಗೊಬ್ಬಳಿಗೇ ಕಳಿಸಿ. ಚೀಟಿಯ ಫೋಟೋ ಗುಂಪಿಗೆ ಹಾಕಬೇಡಿ, ಯಾರ ಕಾಯಿಲೆಯೂ ಊರಿಗೆಲ್ಲ ಗೊತ್ತಾಗುವುದು ಬೇಡ.

ಕೆಳಗಿನ ರಸ್ತೆ:
ಶನಿವಾರ ಸಂಜೆ 5ಕ್ಕೆ ಸಂಘದ ಕೋಣೆ ತೆರೆದಿಡುತ್ತೇನೆ. ನಡೆಯಲಾಗದವರ ಸಹಿಗೆ ನಾನೇ ಮನೆಗೆ ಬರುತ್ತೇನೆ. ಬಾವಿ ಹತ್ತಿರದ ಅಪ್ಪಯ್ಯನ ಚೀಟಿ ಇವತ್ತೇ ಕೊಡಿ, ಪೇಟೆಗೆ ಹೊರಟಿದ್ದೇನೆ.