ಚಾರ್ಟರ್ ಶಾಲೆಯ ಅಂಕಗಳನ್ನು ಅಲ್ಲಿ ಓದುವ ಮಕ್ಕಳ ಹಿನ್ನೆಲೆಯೊಂದಿಗೆ ಹೇಗೆ ನೋಡಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ನಮ್ಮ ಮಗಳು ಬರುವ ಆಗಸ್ಟ್‌ನಲ್ಲಿ ಕಿಂಡರ್‌ಗಾರ್ಟನ್ ಸೇರಬೇಕು. ಮನೆಗೆ ಹತ್ತಿರದಲ್ಲಿ ಎರಡು ಸಾರ್ವಜನಿಕ ಶಾಲೆಗಳಿವೆ. ಒಂದು ನಮ್ಮ ವಿಳಾಸಕ್ಕೆ ಗೊತ್ತುಪಡಿಸಿರುವ, ಸ್ಥಳೀಯ ಶಾಲಾ ಡಿಸ್ಟ್ರಿಕ್ಟ್ ನಡೆಸುವ ಶಾಲೆ (ಡಿಸ್ಟ್ರಿಕ್ಟ್ ಶಾಲೆ); ಇನ್ನೊಂದು ಲಾಟರಿ ಎತ್ತಿ ಪ್ರವೇಶ ಕೊಡುವ ಚಾರ್ಟರ್ ಶಾಲೆ, ಅಂದರೆ ಸಾರ್ವಜನಿಕ ಹಣದಿಂದ ನಡೆದರೂ ತನ್ನದೇ ಆಡಳಿತ ಮಂಡಳಿಯುಳ್ಳ ಶಾಲೆ. ಲಾಟರಿಯಲ್ಲಿ ಮಗಳಿಗೆ ಸೀಟು ಬಂದಿದೆ, ಒಪ್ಪಿಗೆ ತಿಳಿಸಲು ಸ್ವಲ್ಪವೇ ದಿನ ಉಳಿದಿದೆ.

ಶಾಲೆಗಳಿಗೆ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಡುವ ಜಾಲತಾಣದಲ್ಲಿ ಚಾರ್ಟರ್ ಶಾಲೆಗೆ ಸಿಕ್ಕಿರುವುದು ಡಿಸ್ಟ್ರಿಕ್ಟ್ ಶಾಲೆಗಿಂತ ಬಹಳ ಕಡಿಮೆ. ಆದರೆ ನಾನು ಒಂದು ಬೆಳಿಗ್ಗೆ ಆ ಚಾರ್ಟರ್ ಶಾಲೆಯ ಮೂರನೆಯ ತರಗತಿಯಲ್ಲಿ ಕುಳಿತು ಬಂದೆ. ಒಬ್ಬ ಹುಡುಗ ಬೋರ್ಡಿನ ಮೇಲೆ ಮೂರನೇ ಒಂದಕ್ಕಿಂತ ನಾಲ್ಕನೇ ಒಂದು ದೊಡ್ಡದು ಎಂದು ಬರೆದ. ಶಿಕ್ಷಕಿ ಅದನ್ನು ಅಳಿಸಲಿಲ್ಲ, ತಪ್ಪು ಎಂದೂ ಹೇಳಲಿಲ್ಲ. ಒಂದೇ ಉದ್ದದ ಎರಡು ಕಾಗದದ ಪಟ್ಟಿಗಳನ್ನು ಅವನ ಕೈಗೆ ಕೊಟ್ಟು, ಒಂದನ್ನು ಮೂರಾಗಿ, ಇನ್ನೊಂದನ್ನು ನಾಲ್ಕಾಗಿ ಮಡಿಸಲು ಹೇಳಿದರು. ಹುಡುಗ ಮಡಿಸಿ, ಎರಡು ತುಂಡುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, ತಾನೇ ಬೋರ್ಡಿಗೆ ಹೋಗಿ ಚಿಹ್ನೆಯನ್ನು ತಿರುಗಿಸಿ ಬರೆದ. ಅಂಥ ಪಾಠ ನಡೆಯುವ ಶಾಲೆಗೆ ಅಷ್ಟು ಕಡಿಮೆ ಅಂಕ ಏಕೆ ಎಂಬುದು ನನಗೆ ಅರ್ಥವಾಗುತ್ತಿಲ್ಲ.

ಪರಿಚಯದವರನ್ನು ಕೇಳಿದರೆ, "ಅಲ್ಲಿಗೆ ಯಾರ ಮಕ್ಕಳು ಹೋಗುತ್ತಾರೆ ನೋಡಿ" ಎನ್ನುತ್ತಾರೆ. ಅಲ್ಲಿ ಹೆಚ್ಚಿನವರು ಮನೆಯಲ್ಲಿ ಸ್ಪ್ಯಾನಿಷ್ ಮಾತನಾಡುವ, ಕಡಿಮೆ ಆದಾಯದ ಕುಟುಂಬಗಳ ಮಕ್ಕಳು. ಈ ಮಾತು ನನಗೆ ನೋವು ತಂದಿತು. ಆದರೂ ಮಗಳ ವಿದ್ಯೆಯ ವಿಷಯವಾದ್ದರಿಂದ ಭಾವನೆಯನ್ನಷ್ಟೇ ನಂಬಿ ತೀರ್ಮಾನಿಸಲಾರೆ. ಶಾಲೆಯ ಸರಾಸರಿ ಅಂಕದಲ್ಲಿ ಬೋಧನೆಯ ಪಾಲೆಷ್ಟು, ಮಕ್ಕಳ ಮನೆಯ ಪರಿಸ್ಥಿತಿಯ ಪಾಲೆಷ್ಟು ಎಂದು ಬೇರ್ಪಡಿಸಿ ನೋಡಲು ದಾರಿಯುಂಟೇ? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ 1

ನಮಸ್ಕಾರ ಮೇಡಂ. ನಾನು ಹಲವು ವರ್ಷ ಶಾಲಾ ಪರೀಕ್ಷೆಗಳ ಅಂಕಿ ಅಂಶಗಳ ಮೇಲೆ ಕೆಲಸ ಮಾಡಿದವನು. ನಿಮ್ಮ ಪ್ರಶ್ನೆ ಈ ದೇಶದಲ್ಲಿ ಬಹಳ ಹಳೆಯದು. ಅಮೆರಿಕದ ಶಾಲೆಗಳ ಬಗ್ಗೆ 1966ರಲ್ಲಿ ಬಂದ ಸರ್ಕಾರಿ ಅಧ್ಯಯನವಾದ ಕೋಲ್‌ಮನ್ ವರದಿಯೇ ಮಕ್ಕಳ ಅಂಕಗಳಲ್ಲಿ ಕಾಣುವ ಅಂತರಕ್ಕೂ ಅವರ ಕುಟುಂಬದ ಹಿನ್ನೆಲೆಗೂ ಇರುವ ಗಾಢ ಸಂಬಂಧವನ್ನು ಎತ್ತಿ ತೋರಿಸಿತ್ತು. ಆದ್ದರಿಂದ ಸರಾಸರಿ ಅಂಕವನ್ನು ಮಾತ್ರ ನೋಡಿದಾಗ ನಿಮಗೆ ತಿಳಿಯುವುದು, ಆ ಶಾಲೆ ಏನು ಕಲಿಸಿತು ಎಂಬುದಕ್ಕಿಂತ ಹೆಚ್ಚಾಗಿ, ಆ ಶಾಲೆಗೆ ಯಾರು ಬಂದರು ಎಂಬುದೇ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಎರಡು ಶಾಲೆಗಳಿವೆ, ಎರಡರಲ್ಲೂ ನೂರು ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳಿ. ಮೊದಲನೆಯದರಲ್ಲಿ 80 ಮಕ್ಕಳು ಅನುಕೂಲಸ್ಥರು, 20 ಮಕ್ಕಳು ಬಡವರು. ಅನುಕೂಲಸ್ಥರಲ್ಲಿ ಶೇಕಡಾ 70, ಬಡವರಲ್ಲಿ ಶೇಕಡಾ 30 ಮಂದಿ ನಿಗದಿತ ಮಟ್ಟ ತಲುಪಿದರೆ ಒಟ್ಟು 62 ಮಕ್ಕಳಾದರು. ಎರಡನೆಯ ಶಾಲೆಯಲ್ಲಿ ಪ್ರಮಾಣ ತಿರುಗುಮುರುಗಾಗಿದೆ: 20 ಅನುಕೂಲಸ್ಥರು, 80 ಬಡವರು. ಇಲ್ಲಿ ಅನುಕೂಲಸ್ಥರಲ್ಲಿ ಶೇಕಡಾ 80, ಬಡವರಲ್ಲಿ ಶೇಕಡಾ 40 ಮಂದಿ ಆ ಮಟ್ಟ ತಲುಪಿದ್ದಾರೆ. ಒಟ್ಟು 48 ಮಾತ್ರ. ಎರಡೂ ಗುಂಪುಗಳನ್ನು ಮೇಲಾಗಿ ಓದಿಸಿದ ಶಾಲೆಯೇ ಒಟ್ಟು ಲೆಕ್ಕದಲ್ಲಿ ಹಿಂದೆ ಬಿತ್ತು! ನಿಮ್ಮ ಚಾರ್ಟರ್ ಶಾಲೆಯಲ್ಲಿ ಹೀಗೆಯೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಆಗಿದೆಯೇ ಎಂದು ನೀವೇ ಪರೀಕ್ಷಿಸಬಹುದು ಎಂದಷ್ಟೇ ಹೇಳುತ್ತಿದ್ದೇನೆ.

ಪರೀಕ್ಷಿಸಲು ಬೇಕಾದ ಸಾಮಗ್ರಿ ಸಾರ್ವಜನಿಕವಾಗಿದೆ. ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದ ಪರೀಕ್ಷೆ ನಡೆಸಿ, ಫಲಿತಾಂಶವನ್ನು ಜನಾಂಗ, ಆದಾಯ, ಅಂಗವೈಕಲ್ಯ ಮತ್ತು ಇಂಗ್ಲಿಷ್ ಕಲಿಕೆಯ ಸ್ಥಿತಿಗೆ ತಕ್ಕಂತೆ ಬಿಡಿಸಿ ಪ್ರಕಟಿಸಬೇಕೆಂದು 2015ರ ಕೇಂದ್ರ ಶಿಕ್ಷಣ ಕಾಯ್ದೆ ಹೇಳುತ್ತದೆ. ಚಾರ್ಟರ್ ಶಾಲೆಗಳೂ ಸಾರ್ವಜನಿಕ ಹಣದಿಂದಲೇ ನಡೆಯುವುದರಿಂದ ಈ ನಿಯಮ ಅವುಗಳಿಗೂ ಅಷ್ಟೇ ಅನ್ವಯಿಸುತ್ತದೆ. ಶಾಲೆಗಳ ಫಲಿತಾಂಶ ತೋರಿಸುವ ರಾಜ್ಯದ ಜಾಲತಾಣವಾದ ಸ್ಕೂಲ್ ಡ್ಯಾಶ್‌ಬೋರ್ಡ್ ತೆರೆದು, ಎರಡೂ ಶಾಲೆಗಳಲ್ಲಿ "ಸಾಮಾಜಿಕ ಮತ್ತು ಆರ್ಥಿಕವಾಗಿ ಹಿಂದುಳಿದ" ಮಕ್ಕಳ ಸಾಲನ್ನು ಒಂದಕ್ಕೊಂದು ಹೋಲಿಸಿ.

ಆದರೆ ಈ ಸಾಲನ್ನು ಓದುವಾಗಲೂ ಎಚ್ಚರ ಬೇಕು. ಶಾಲೆಯಲ್ಲಿ ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹವಾದ ಕುಟುಂಬಗಳು ಇದರಲ್ಲಿ ಸೇರುತ್ತವೆ. ರಿಯಾಯಿತಿಯ ಮಿತಿ ಕೇಂದ್ರ ಸರ್ಕಾರದ ಬಡತನ ರೇಖೆಯ ಶೇಕಡಾ 185ರವರೆಗೆ ಹೋಗುತ್ತದೆ. ಅಂದರೆ ತಾಯಿ ತಂದೆ ಇಬ್ಬರೂ ದುಡಿದು ಹೇಗೋ ಸಂಸಾರ ತೂಗಿಸುವ ಮನೆಯ ಮಗುವೂ, ಮೂರು ತಿಂಗಳಿಗೊಮ್ಮೆ ಬಾಡಿಗೆ ಮನೆ ಬದಲಿಸುವ ಮಗುವೂ ಒಂದೇ ಸಾಲಿನಲ್ಲಿ ಇರುತ್ತಾರೆ. ಒಂದು ಶಾಲೆಯಲ್ಲಿ ಮೊದಲ ಬಗೆಯವರು, ಇನ್ನೊಂದರಲ್ಲಿ ಎರಡನೆಯ ಬಗೆಯವರು ಹೆಚ್ಚಾಗಿದ್ದರೆ ಆ ಹೋಲಿಕೆಯೂ ಸರಿಯಾಗದು. ತಾಯ್ತಂದೆಯರ ಓದಿನ ಮಟ್ಟ, ದೀರ್ಘ ಗೈರುಹಾಜರಿಯ ಪ್ರಮಾಣ, ಇವನ್ನೂ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ಇದಕ್ಕಿಂತ ಮುಖ್ಯವಾದದ್ದು ಪ್ರಗತಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಶಾನ್ ರಿಯರ್ಡನ್ ದೇಶದ ಎಲ್ಲ ಶಾಲಾ ಡಿಸ್ಟ್ರಿಕ್ಟ್‌ಗಳ ಪರೀಕ್ಷಾ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೂರನೆಯ ತರಗತಿಯ ಸರಾಸರಿ ಅಂಕಕ್ಕೂ ಊರಿನ ಆರ್ಥಿಕ ಸ್ಥಿತಿಗೂ ಬಲವಾದ ನಂಟು ಕಂಡಿತು. ಆದರೆ ಮೂರರಿಂದ ಎಂಟನೆಯ ತರಗತಿಯ ನಡುವೆ ಮಕ್ಕಳು ಎಷ್ಟು ಮುಂದೆ ಹೋದರು ಎಂಬುದಕ್ಕೂ ಆರ್ಥಿಕ ಸ್ಥಿತಿಗೂ ಇದ್ದ ನಂಟು ತೀರ ದುರ್ಬಲವಾಗಿತ್ತು. ಬಡ ಮಕ್ಕಳೇ ಹೆಚ್ಚಿರುವ ಷಿಕಾಗೋದ ಸಾರ್ವಜನಿಕ ಶಾಲೆಗಳಲ್ಲಿ ಆ ಐದು ವರ್ಷಗಳಲ್ಲಿ ಮಕ್ಕಳು ಸುಮಾರು ಆರು ವರ್ಷಗಳಷ್ಟು ಕಲಿತಿದ್ದರು. ಕಡಿಮೆ ಅಂಕದಿಂದ ಆರಂಭಿಸಿದ ಶಾಲೆ ಕಡಿಮೆ ಕಲಿಸುತ್ತದೆ ಎಂಬ ನಂಬಿಕೆ ಎಷ್ಟು ಪೊಳ್ಳು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ.

ಒಂದು ತೊಡಕಿದೆ. ಡ್ಯಾಶ್‌ಬೋರ್ಡಿನಲ್ಲಿ "ಬದಲಾವಣೆ" ಎಂದು ತೋರಿಸುವುದು ಈ ವರ್ಷದ ಮಕ್ಕಳಿಗೂ ಹೋದ ವರ್ಷದ ಮಕ್ಕಳಿಗೂ ಇರುವ ವ್ಯತ್ಯಾಸ. ಅದೇ ಮಕ್ಕಳ ಪ್ರಗತಿಯಲ್ಲ. ಹೀಗಾಗಿ ನೀವು ರಾಜ್ಯ ಪರೀಕ್ಷೆಯ ತರಗತಿವಾರು ಫಲಿತಾಂಶ ತೆಗೆದು, ಒಂದು ವರ್ಷದ ಮೂರನೆಯ ತರಗತಿ, ಮರುವರ್ಷದ ನಾಲ್ಕನೆಯದು, ಅದರ ಮರುವರ್ಷದ ಐದನೆಯದು ಹೀಗೆ ಮೆಟ್ಟಿಲುಮೆಟ್ಟಿಲಾಗಿ ಓದಬೇಕು. ನಿಗದಿತ ಮಟ್ಟ ಮುಟ್ಟಿದವರ ಪ್ರಮಾಣ ಏರುತ್ತ ಹೋಗಿದ್ದರೆ ಆ ತರಗತಿಗಳ ಒಳಗೆ ಏನೋ ಒಳ್ಳೆಯದು ನಡೆಯುತ್ತಿದೆ ಎಂದು ಊಹಿಸಬಹುದು.

ಉತ್ತರ 2

ಮೇಲಿನವರು ಹೇಳಿದ ಮೆಟ್ಟಿಲುಗಳ ಲೆಕ್ಕಕ್ಕೆ ಒಂದು ಮಾತು ಸೇರಿಸಲೇಬೇಕು, ಏಕೆಂದರೆ ನಾನು ಅದರಲ್ಲೇ ಎಡವಿದವಳು. ನನ್ನ ಮಗ ಮೊದಲು ಓದುತ್ತಿದ್ದ ಚಾರ್ಟರ್ ಶಾಲೆಯ ಅಂಕಗಳು ತರಗತಿಯಿಂದ ತರಗತಿಗೆ ಬಹಳ ಚೆನ್ನಾಗಿ ಏರುತ್ತಿದ್ದವು. ಅದನ್ನು ನೋಡಿಯೇ ಸೇರಿಸಿದ್ದೆ. ಎರಡು ವರ್ಷ ಕಳೆದ ಮೇಲೆ ಅವನ ತರಗತಿಯ ಗುಂಪು ಫೋಟೋಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಮೊದಲ ಫೋಟೋದಲ್ಲಿದ್ದ ಅನೇಕ ಮುಖಗಳು ಎರಡನೆಯದರಲ್ಲಿ ಇರಲಿಲ್ಲ. ಹಿಂದೆ ಬಿದ್ದ ಮಕ್ಕಳ ತಂದೆತಾಯಿಯರನ್ನು ಕರೆಸಿ, "ನಿಮ್ಮ ಮಗುವಿಗೆ ಈ ಶಾಲೆ ಹೊಂದುವುದಿಲ್ಲವೇನೋ" ಎಂದು ಮೆಲ್ಲಗೆ ಹೇಳುತ್ತಿದ್ದರಂತೆ. ಖಾಲಿಯಾದ ಸೀಟುಗಳಿಗೆ ಮೇಲಿನ ತರಗತಿಗಳಲ್ಲಿ ಹೊಸ ಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಕಷ್ಟಪಡುವವರು ಹೋಗಿ ಚೆನ್ನಾಗಿ ಓದುವವರಷ್ಟೇ ಉಳಿದರೆ ಯಾರಿಗೂ ಒಂದು ಅಕ್ಷರ ಹೆಚ್ಚು ಕಲಿಸದೆಯೂ ಸರಾಸರಿ ಏರುತ್ತದೆ. ಎಲ್ಲ ಚಾರ್ಟರ್ ಶಾಲೆಗಳೂ ಹೀಗೆ ಎಂದು ಹೇಳುವುದು ಖಂಡಿತ ಅನ್ಯಾಯ. ಈಗ ಅವನು ಓದುತ್ತಿರುವುದೂ ಚಾರ್ಟರ್ ಶಾಲೆಯೇ, ಅಲ್ಲಿ ವರ್ಷದ ನಡುವೆಯೂ ವೇಟ್‌ಲಿಸ್ಟಿನಿಂದ ಮಕ್ಕಳನ್ನು ಕರೆಯುತ್ತಾರೆ.

ಆದ್ದರಿಂದ ಪ್ರತಿ ತರಗತಿಯ ದಾಖಲಾತಿ ಸಂಖ್ಯೆಯನ್ನೂ ವರ್ಷವರ್ಷ ನೋಡಿ. ಕಿಂಡರ್‌ಗಾರ್ಟನ್‌ನಲ್ಲಿ ಎರಡು ತರಗತಿ ತುಂಬ ಇದ್ದ ಮಕ್ಕಳು ಐದನೆಯದಕ್ಕೆ ಬರುವಾಗ ಒಂದೇ ತರಗತಿಗೆ ಇಳಿದಿದ್ದರೆ ಕಾರಣ ಕೇಳಬೇಕು. ಬಡ ಕುಟುಂಬಗಳು ಬಾಡಿಗೆಯ ಹೊರೆಯಿಂದ ಊರು ಬಿಡುವುದೂ ಉಂಟು, ಹಾಗಾಗಿ ಉತ್ತರ ಕೇಳದೆ ತಪ್ಪು ಹೊರಿಸಬೇಡಿ. ಆದರೆ ಕೇಳುವುದನ್ನು ಬಿಡಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಮಗಳು ಮಲಗಿದ ಮೇಲೆ ಕುಳಿತು ಎಲ್ಲವನ್ನೂ ತೆಗೆದು ನೋಡಿದೆ. ಹಿಂದುಳಿದ ಕುಟುಂಬಗಳ ಮಕ್ಕಳ ಸಾಲಿನಲ್ಲಿ ಚಾರ್ಟರ್ ಶಾಲೆಯೇ ಮುಂದಿದೆ, ಮತ್ತು ಮೇಲಿನ ತರಗತಿಗಳಲ್ಲೂ ಮಕ್ಕಳ ಸಂಖ್ಯೆ ಕುಗ್ಗಿಲ್ಲ. ಆದರೆ ಏಷ್ಯನ್ ಮಕ್ಕಳ ಸಾಲಿನಲ್ಲಿ ಅಂಕಿಯೇ ಇಲ್ಲ, ಬರೀ ನಕ್ಷತ್ರ ಚಿಹ್ನೆಯಿದೆ. "ಇಂಗ್ಲಿಷ್ ಲರ್ನರ್" (ಇಂಗ್ಲಿಷನ್ನು ಇನ್ನೂ ಕಲಿಯುತ್ತಿರುವ) ಮಕ್ಕಳ ಸಾಲು ಮಾತ್ರ ಎರಡೂ ಶಾಲೆಗಳಲ್ಲಿ ಬಹಳ ಕೆಳಗಿದೆ. ನಮ್ಮ ಮನೆಮಾತು ಕನ್ನಡ. ಮಗಳನ್ನು ಆ ಗುಂಪಿಗೆ ಸೇರಿಸಿಬಿಟ್ಟರೆ ಅವಳ ಓದಿಗೆ ತೊಂದರೆಯಾದೀತೇ ಎಂಬ ಆತಂಕ ಹುಟ್ಟಿದೆ. ಚಾರ್ಟರ್ ಶಾಲೆಗಳ ಬಗ್ಗೆ ದೇಶಮಟ್ಟದ ಅಧ್ಯಯನಗಳು ಏನು ಹೇಳುತ್ತವೆ ಎಂಬುದನ್ನೂ ತಿಳಿಸಿದರೆ ಒಳ್ಳೆಯದಿತ್ತು.

ಉತ್ತರ 1

ಹತ್ತು ಅಥವಾ ಅದಕ್ಕಿಂತ ಕಡಿಮೆ ಮಕ್ಕಳಿರುವ ಗುಂಪಿನ ಫಲಿತಾಂಶವನ್ನು ಕ್ಯಾಲಿಫೋರ್ನಿಯಾ ಪ್ರಕಟಿಸುವುದಿಲ್ಲ; ಒಬ್ಬೊಬ್ಬ ಮಗುವಿನ ಅಂಕ ಬಯಲಾಗಬಾರದೆಂಬುದೇ ಕಾರಣ. ನಕ್ಷತ್ರ ಚಿಹ್ನೆಯಲ್ಲಿ ಬೇರೆ ಅರ್ಥ ಹುಡುಕಬೇಡಿ.

ಇಂಗ್ಲಿಷ್ ಲರ್ನರ್ ಸಾಲಿನ ಕಥೆ ಬೇರೆ. ಆ ಗುಂಪಿನಲ್ಲಿ ಚೆನ್ನಾಗಿ ಕಲಿತ ಮಗುವನ್ನು ಮರುವರ್ಗೀಕರಿಸಿ ಗುಂಪಿನಿಂದ ಹೊರಗೆ ತರುತ್ತಾರೆ, ಹೊಸದಾಗಿ ಬಂದ ಮಗು ಒಳಗೆ ಸೇರುತ್ತದೆ. ಗೆದ್ದವರೆಲ್ಲ ಹೊರಗೆ ಹೋಗುವ ಗುಂಪಿನ ಸರಾಸರಿ ಎಂದೂ ಕೆಳಗೇ ಇರುತ್ತದೆ. ಹೀಗಾಗಿ ಪ್ರತಿ ವರ್ಷ ಎಷ್ಟು ಮಕ್ಕಳು ಮರುವರ್ಗೀಕರಣಗೊಳ್ಳುತ್ತಾರೆ, ಆ ಬಳಿಕ ಅವರು ಹೇಗೆ ಓದುತ್ತಾರೆ ಎಂದು ಶಾಲೆಯನ್ನು ಕೇಳಿ. ಪ್ರವೇಶದ ವೇಳೆ ಮನೆಭಾಷೆಯ ಬಗ್ಗೆ ನಾಲ್ಕು ಪ್ರಶ್ನೆಗಳ ಒಂದು ಪತ್ರ ಕೊಡುತ್ತಾರೆ. ಅದರಲ್ಲಿ ಕನ್ನಡ ಎಂದೇ ಬರೆಯಿರಿ. ಮಗಳಿಗೆ 30 ದಿನಗಳೊಳಗೆ ಇಂಗ್ಲಿಷಿನ ಆರಂಭಿಕ ಪರೀಕ್ಷೆ ನಡೆಯುತ್ತದೆ. ಭಾಷೆ ಸಾಕಷ್ಟು ಬಂದರೆ ಆ ಗುಂಪಿಗೆ ಸೇರಿಸುವುದಿಲ್ಲ. ಬರದಿದ್ದರೆ ಶಾಲೆ ಅವಳಿಗೆ ಹೆಚ್ಚಿನ ಭಾಷಾ ಬೋಧನೆ ಕೊಡಲೇಬೇಕು. ಹೆದರಿ ಇಂಗ್ಲಿಷ್ ಎಂದು ಬರೆದ ತಂದೆತಾಯಿಯರನ್ನು ನಾನು ನೋಡಿದ್ದೇನೆ, ಅದರಿಂದ ನೆರವು ಬೇಕಾದ ಮಗುವಿಗೇ ನಷ್ಟವಾಗುತ್ತದೆ.

ಇನ್ನು ದೇಶಮಟ್ಟದ ಅಧ್ಯಯನಗಳು. ಸ್ಟ್ಯಾನ್‌ಫರ್ಡ್‌ನ ಶಿಕ್ಷಣ ಸಂಶೋಧನಾ ಸಂಸ್ಥೆಯಾದ ಕ್ರೆಡೋದ 2009ರ ವರದಿಯಲ್ಲಿ ಗಣಿತದಲ್ಲಿ ಶೇಕಡಾ 17ರಷ್ಟು ಚಾರ್ಟರ್ ಶಾಲೆಗಳು ಮಾತ್ರ ಹೋಲಿಕೆಯ ಡಿಸ್ಟ್ರಿಕ್ಟ್ ಶಾಲೆಗಳಿಗಿಂತ ಮುಂದಿದ್ದವು, ಶೇಕಡಾ 37ರಷ್ಟು ಹಿಂದಿದ್ದವು. ಅದೇ ಸಂಸ್ಥೆಯ 2023ರ ವರದಿಯ ಹೊತ್ತಿಗೆ ಚಾರ್ಟರ್ ಮಕ್ಕಳು ವರ್ಷಕ್ಕೆ ಓದಿನಲ್ಲಿ 16 ದಿನ, ಗಣಿತದಲ್ಲಿ 6 ದಿನದ ಕಲಿಕೆಯಷ್ಟು ಮುಂದಿದ್ದರು. ಆದರೆ ಆನ್‌ಲೈನ್ ಚಾರ್ಟರ್ ಶಾಲೆಗಳ ಮಕ್ಕಳು ಓದಿನಲ್ಲಿ 58 ದಿನ, ಗಣಿತದಲ್ಲಿ 124 ದಿನದಷ್ಟು ಹಿಂದಿದ್ದರು. ಇಷ್ಟು ಅಗಲವಾದ ವ್ಯತ್ಯಾಸ ಒಂದೇ ಹೆಸರಿನ ಕೆಳಗೆ ಇರುವಾಗ ದೇಶದ ಸರಾಸರಿ ನಿಮ್ಮ ಬೀದಿಯ ಶಾಲೆಯ ಬಗ್ಗೆ ಏನನ್ನೂ ಹೇಳಲಾರದು.

ನನಗೆ ಹೆಚ್ಚು ನಂಬಿಕೆ ಇರುವುದು ಬಾಸ್ಟನ್‌ನ ಲಾಟರಿ ಅಧ್ಯಯನಗಳ ಮೇಲೆ. ಚಾರ್ಟರ್ ಶಾಲೆಗೆ ಅರ್ಜಿ ಹಾಕುವ ಕುಟುಂಬವೇ ಹೆಚ್ಚು ಕಾಳಜಿಯುಳ್ಳದ್ದು, ಆದ್ದರಿಂದ ಅವರ ಮಕ್ಕಳು ಎಲ್ಲಿದ್ದರೂ ಚೆನ್ನಾಗಿ ಓದುತ್ತಿದ್ದರು ಎಂಬ ಆಕ್ಷೇಪವಿದೆಯಲ್ಲ, ಅದಕ್ಕೆ ಆ ಅಧ್ಯಯನಗಳು ನೇರವಾಗಿ ಉತ್ತರಿಸಿದವು. ಅರ್ಥಶಾಸ್ತ್ರಜ್ಞ ಜೋಶುವಾ ಆಂಗ್ರಿಸ್ಟ್ ಮತ್ತು ಸಹೋದ್ಯೋಗಿಗಳು ಅರ್ಜಿ ಹಾಕಿ ಸೀಟು ಪಡೆದವರನ್ನು, ಅರ್ಜಿ ಹಾಕಿಯೂ ಸೀಟು ಸಿಗದವರೊಂದಿಗೆ ಹೋಲಿಸಿದರು. ಇಬ್ಬರಲ್ಲೂ ಕಾಳಜಿ ಒಂದೇ, ಬೇರೆಯಾದದ್ದು ಚೀಟಿ ಮಾತ್ರ. ಬಹುಪಾಲು ಬಡ, ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳು ಓದುವ ಆ ಶಾಲೆಗಳಲ್ಲಿ ಸೀಟು ಪಡೆದವರ ಅಂಕಗಳು, ಅದರಲ್ಲೂ ಗಣಿತದಲ್ಲಿ, ಗಣನೀಯವಾಗಿ ಏರಿದ್ದವು. ಯಾರ ಮಕ್ಕಳು ಹೋಗುತ್ತಾರೆ ನೋಡಿ ಎಂದ ನಿಮ್ಮ ಪರಿಚಯದವರಿಗೆ ಇದನ್ನು ತಿಳಿಸಿ.

ಉತ್ತರ 3

ನಾನು ಸ್ಪೆಷಲ್ ಎಜುಕೇಶನ್ ಶಿಕ್ಷಕಿ. ಎಲ್ಲರೂ ಆದಾಯ ಮತ್ತು ಭಾಷೆಯ ಬಗ್ಗೆ ಬರೆದಿದ್ದೀರಿ. ಅಂಗವೈಕಲ್ಯವುಳ್ಳ ಮಕ್ಕಳ ಸಾಲನ್ನೂ ದಯವಿಟ್ಟು ನೋಡಿ. ಚಾರ್ಟರ್ ಶಾಲೆಯೂ ಕಾನೂನಿನಂತೆ ಈ ಮಕ್ಕಳನ್ನು ಸೇರಿಸಿಕೊಂಡು ಬೇಕಾದ ಸೇವೆ ಕೊಡಬೇಕು. ಆದರೂ ಕೇಂದ್ರ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ 2012ರಲ್ಲಿ ಕೊಟ್ಟ ವರದಿಯ ಪ್ರಕಾರ 2009–10ರಲ್ಲಿ ಸಾಂಪ್ರದಾಯಿಕ ಶಾಲೆಗಳಲ್ಲಿ ಸುಮಾರು ಶೇಕಡಾ 11ರಷ್ಟು ಮಕ್ಕಳು ಅಂಗವೈಕಲ್ಯವುಳ್ಳವರಾಗಿದ್ದರೆ, ಚಾರ್ಟರ್ ಶಾಲೆಗಳಲ್ಲಿ ಸುಮಾರು ಶೇಕಡಾ 8ರಷ್ಟಿದ್ದರು. ಒಂದು ಶಾಲೆಯಲ್ಲಿ ಈ ಮಕ್ಕಳ ಪ್ರಮಾಣ ಸುತ್ತಲಿನ ಶಾಲೆಗಳಿಗೆ ಸಮನಾಗಿದ್ದೂ ಅವರು ಮುಂದೆ ಬರುತ್ತಿದ್ದರೆ ಅದು ಎಲ್ಲ ಮಕ್ಕಳಿಗೂ ಒಳ್ಳೆಯ ಶಾಲೆ ಎಂದು ನಾನು ಕಣ್ಣು ಮುಚ್ಚಿ ಹೇಳುತ್ತೇನೆ, ಏಕೆಂದರೆ ತಪ್ಪು ಬರೆದ ಮಗುವಿನ ಕೈಗೆ ಕಾಗದದ ಪಟ್ಟಿ ಕೊಟ್ಟು ಕಾಯುವ ತಾಳ್ಮೆ ಅಂಥ ಮಕ್ಕಳನ್ನು ಕಲಿಸುವವರಲ್ಲೇ ಬೆಳೆಯುತ್ತದೆ.

ಇನ್ನೊಂದು ವಿಷಯ. ಕ್ಯಾಲಿಫೋರ್ನಿಯಾದಲ್ಲಿ 2019ರ ಕಾನೂನಿನಂತೆ ಚಾರ್ಟರ್ ಶಾಲೆಯ ಆಡಳಿತ ಮಂಡಳಿಯ ಸಭೆಗಳು ಸಾರ್ವಜನಿಕರಿಗೆ ತೆರೆದಿರಬೇಕು, ಕಾರ್ಯಸೂಚಿಯನ್ನು ಮೊದಲೇ ಪ್ರಕಟಿಸಬೇಕು. ಶಾಲೆಯ ಚಾರ್ಟರ್ (ಶಾಲೆ ನಡೆಸಲು ಕೊಟ್ಟಿರುವ ಅನುಮತಿ) ನವೀಕರಣ ಯಾವ ವರ್ಷಕ್ಕೆ ಬರುತ್ತದೆ ಎಂದು ವಿಚಾರಿಸಿ. ನವೀಕರಣದ ಅರ್ಜಿಯಲ್ಲಿ ಗುಂಪುವಾರು ಫಲಿತಾಂಶಗಳನ್ನು ಶಾಲೆಯೇ ವಿವರಿಸಿರುತ್ತದೆ. ಒಪ್ಪಿಗೆ ತಿಳಿಸುವ ಗಡುವಿನೊಳಗೆ ಸಭೆಯೊಂದು ಇದ್ದರೆ ಹೋಗಿ ಕುಳಿತು ಬನ್ನಿ.

ಪ್ರಶ್ನೆ ಕೇಳಿದವರು

ಸಭೆ ಈ ಗುರುವಾರ ಸಂಜೆಯೇ ಇದೆ. ಮರುವರ್ಗೀಕರಣದ ಪ್ರಶ್ನೆಯನ್ನೂ ಸ್ಪೆಷಲ್ ಎಜುಕೇಶನ್ ಪ್ರಶ್ನೆಯನ್ನೂ ಬರೆದಿಟ್ಟುಕೊಂಡಿದ್ದೇನೆ, ಮಗಳನ್ನೂ ಕರೆದುಕೊಂಡು ಹೋಗುತ್ತೇನೆ.